ಮೂರು ನಿಮಿಷದ ಮೌನ

ಮಂಡ್ಯ ಜಿಲ್ಲೆಗೆ ಕಡಲಿಲ್ಲ. ಆದರೆ ಕಡಲಿನ ಹೆಸರಿಗೆ ಇಲ್ಲಿ ಬರವೂ ಇಲ್ಲ. ಕನ್ನಂಬಾಡಿ ಕಟ್ಟೆಯ ಹಿಂದೆ ನಿಂತ ನೀರು ಕೃಷ್ಣರಾಜಸಾಗರ. ಮಳವಳ್ಳಿ ತಾಲ್ಲೂಕಿನಲ್ಲಿ ಕಾವೇರಿ ಧುಮುಕುವ ಜಾಗ ಶಿವನಸಮುದ್ರ. ತೊಣ್ಣೂರು ಕೆರೆಗೆ ತಿರುಮಲಸಾಗರ ಎಂಬ ಹಳೆಯ ಹೆಸರಿದೆ. ದಡ ಕಾಣುವ ನೀರನ್ನೇ ಸಾಗರವೆಂದು ಕರೆದು ತೃಪ್ತಿಪಟ್ಟ ಜನ, ದಡ ಕಾಣದ ನೀರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ಬೆಳಗ್ಗೆ ಪತ್ರಿಕೆ ಕೈಗೆ ಬಂದಾಗ ಕಟ್ಟೆಯ ಮಟ್ಟ 124.80 ಅಡಿಗೆ ಇನ್ನೆಷ್ಟು ಬಾಕಿ ಎಂದು ನೋಡಿಬಿಟ್ಟರೆ ಅಂದಿನ ನೀರಿನ ಚಿಂತೆ ಮುಗಿಯಿತು.

ಇಂಥ ಊರಿನವರ ಮುಂದೆ ಕಡಲಿನ ವೈರ್‌ಲೆಸ್ ಕಾನೂನಿನ ಮಾತೆತ್ತಿದರೆ "ಅದು ನಮಗ್ಯಾಕಪ್ಪಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹಳೆಯ ಮನೆಗಳ ಅಟ್ಟದ ಮೇಲೆ, ತಗಡಿನ ಪೆಟ್ಟಿಗೆಯಲ್ಲಿ ಇದ್ದರೂ ಇರಬಹುದು. ರೇಡಿಯೊ ಲೈಸೆನ್ಸಿನ ಪುಸ್ತಕ ಯಾರಿಗೆ ನೆನಪಿಲ್ಲ? ಮನೆಗೊಂದು ರೇಡಿಯೊ ತಂದರೆ ಸಾಲದು, ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಬರಬೇಕಿತ್ತು. ವಾರ್ತೆ, ಕೃಷಿರಂಗ, ಚಿತ್ರಗೀತೆ ಕೇಳುವುದಕ್ಕೂ ಸರ್ಕಾರದ ಅಪ್ಪಣೆ! 1980ರ ದಶಕದ ಮಧ್ಯದಲ್ಲಿ ಆ ಪದ್ಧತಿ ನಿಂತುಹೋಯಿತು. ಅದರ ಬೆನ್ನ ಹಿಂದೆ ಇದ್ದದ್ದು 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ. ಪರವಾನಗಿಯಿಲ್ಲದೆ ಯಾರೂ ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳುವಂತಿಲ್ಲ ಎಂದು ಹೇಳಿದ ಕಾಯ್ದೆ ಅದು. ಮದ್ದೂರಿನ ಮನೆಯ ರೇಡಿಯೊಕ್ಕೂ ಅರಬ್ಬೀ ಸಮುದ್ರದ ಹಡಗಿನ ವೈರ್‌ಲೆಸ್ ಕೋಣೆಗೂ ಒಂದೇ ಕಾನೂನು.

ನಂಟು ಅಷ್ಟಕ್ಕೇ ಮುಗಿಯುವುದಿಲ್ಲ. ಆ ರೇಡಿಯೊದ ಮುಳ್ಳನ್ನೇ ನೆನಪಿಸಿಕೊಳ್ಳಿ. ಮಧ್ಯಮ ತರಂಗದಲ್ಲಿ ಬೆಂಗಳೂರು ಆಕಾಶವಾಣಿ ಸಿಗುತ್ತಿದ್ದುದು 612 ಕಿಲೋಹರ್ಟ್ಸ್‌ನಲ್ಲಿ. ಅಲ್ಲಿಂದ ಗುಂಡಿಯನ್ನು ಎಡಕ್ಕೆ ತಿರುಗಿಸುತ್ತ ಹೋದರೆ 530ರ ಆಸುಪಾಸಿನಲ್ಲಿ ಪಟ್ಟಿ ಮುಗಿದು ಮುಳ್ಳು ನಿಂತುಬಿಡುತ್ತಿತ್ತು. ಅದರಿಂದ ಸ್ವಲ್ಪವೇ ಆಚೆಗೆ, ಮುಳ್ಳು ಮುಟ್ಟಲಾರದ ಜಾಗದಲ್ಲಿ, 500 ಕಿಲೋಹರ್ಟ್ಸ್ ಎಂಬ ಒಂದು ಕಂಪನಾಂಕವಿತ್ತು. ಇಪ್ಪತ್ತನೆಯ ಶತಮಾನದ ಬಹುಪಾಲು ಇಡೀ ಭೂಮಂಡಲದ ಹಡಗುಗಳು ಅಪಾಯದಲ್ಲಿ ಕೂಗುತ್ತಿದ್ದುದು ಅಲ್ಲಿಯೇ. ಮಂಡ್ಯದ ಪಡಸಾಲೆಯಲ್ಲಿ ಚಿತ್ರಗೀತೆ ಕೇಳಿಸುತ್ತಿದ್ದಾಗ, ಮುಳ್ಳಿನ ಎಡಕ್ಕೆ ಒಂದು ಬೆರಳಿನಷ್ಟು ದೂರದಲ್ಲಿ ಯಾವುದೋ ಹಡಗು ಮುಳುಗುತ್ತಿದ್ದಿರಬಹುದು.

ಕಡಲಿನಲ್ಲಿ ಕೂಗುವುದಕ್ಕೆ ಒಂದೇ ಜಾಗವೇಕೆ? ಊರಿನಲ್ಲಿ ಹುಲ್ಲಿನ ಬಣವೆಗೆ ಬೆಂಕಿ ಬಿದ್ದರೆ "ಬನ್ರಪ್ಪೋ!" ಎಂದು ಯಾವ ದಿಕ್ಕಿಗೆ ಕೂಗಿದರೂ ಕೇಳುವವರಿದ್ದಾರೆ. ವೈರ್‌ಲೆಸ್ಸಿನಲ್ಲಿ ಹಾಗಲ್ಲ. ಕೂಗುವವನೂ ಕೇಳುವವನೂ ಒಂದೇ ಕಂಪನಾಂಕದಲ್ಲಿ ಇರಲೇಬೇಕು. ಒಬ್ಬ 612ರಲ್ಲಿ ಕೂಗಿ, ಇನ್ನೊಬ್ಬ 700ರಲ್ಲಿ ಕಿವಿಗೊಟ್ಟು ಕುಳಿತಿದ್ದರೆ ಇಬ್ಬರೂ ಪಕ್ಕಪಕ್ಕದಲ್ಲಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಪ್ರಾಣಭಯವಿದ್ದಾಗ ಎಲ್ಲರೂ ಬಂದು ಸೇರಬೇಕಾದ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾಯಿತು. 1906ರಲ್ಲಿ ಬರ್ಲಿನ್‌ನಲ್ಲಿ ಸೇರಿದ ದೇಶಗಳು ಎಸ್.ಓ.ಎಸ್. ಎಂಬ ಸಂಕೇತವನ್ನು ಒಪ್ಪಿದವು. ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ. ಅದಕ್ಕೆ ಯಾವ ಅರ್ಥವೂ ಇಲ್ಲ. ಎಂಥ ಗದ್ದಲದಲ್ಲೂ ಗುರುತು ಹತ್ತುತ್ತದೆ ಎಂಬುದೇ ಅದನ್ನು ಆರಿಸಲು ಕಾರಣ.

ಆದರೆ ಕೂಗುವ ರೀತಿ ಕಲಿತ ಮಾತ್ರಕ್ಕೆ ಕೇಳುವ ಕಿವಿ ಹುಟ್ಟಿಕೊಳ್ಳುವುದಿಲ್ಲ ಎಂಬುದನ್ನು ಲೋಕ ಕಲಿತದ್ದು 1912ರಲ್ಲಿ. ಆ ವರ್ಷದ ಏಪ್ರಿಲ್ 14ರ ರಾತ್ರಿ 11 ಗಂಟೆ 40 ನಿಮಿಷಕ್ಕೆ ಟೈಟಾನಿಕ್ ಹಡಗು ಹಿಮಗಡ್ಡೆಗೆ ತಾಗಿತು. ಹತ್ತಿರದಲ್ಲಿ ಕ್ಯಾಲಿಫೋರ್ನಿಯನ್ ಎಂಬ ಇನ್ನೊಂದು ಹಡಗಿತ್ತು. ಅದರಲ್ಲಿದ್ದ ವೈರ್‌ಲೆಸ್ ಆಪರೇಟರ್ ಒಬ್ಬನೇ ಒಬ್ಬ. ಅವನು ಹಿಮಗಡ್ಡೆಗಳಿವೆ ಎಂದು ಟೈಟಾನಿಕ್‌ಗೆ ತಿಳಿಸಲು ಹೋಗಿ, ಪ್ರಯಾಣಿಕರ ಖಾಸಗಿ ತಂತಿಗಳನ್ನು ಕಳಿಸುವ ಗಡಿಬಿಡಿಯಲ್ಲಿದ್ದ ಅಲ್ಲಿಯ ಆಪರೇಟರ್‌ನಿಂದ ಗದರಿಸಿಕೊಂಡಿದ್ದ. ದಿನದ ದುಡಿಮೆ ಮುಗಿಯಿತೆಂದು ರಾತ್ರಿ ಹನ್ನೊಂದೂವರೆಯ ಹೊತ್ತಿಗೆ ಯಂತ್ರ ಆರಿಸಿ ಮಲಗಿದ. ಹತ್ತು ನಿಮಿಷದ ಮೇಲೆ ಅಪಘಾತ. ದೂರದಲ್ಲಿದ್ದ ಕಾರ್ಪೇಥಿಯಾ ಹಡಗಿನ ಆಪರೇಟರ್ ಮಲಗುವ ತಯಾರಿಯಲ್ಲಿದ್ದರೂ ಇನ್ನೂ ಯಂತ್ರ ಆರಿಸಿರಲಿಲ್ಲ. ಅವನಿಗೆ ಕೂಗು ಕೇಳಿಸಿತು. ಕಾರ್ಪೇಥಿಯಾ ಕತ್ತಲಲ್ಲಿ ಹಿಮಗಡ್ಡೆಗಳ ನಡುವೆ ಓಡಿಬಂದು ಏಳುನೂರಕ್ಕಿಂತ ತುಸು ಹೆಚ್ಚು ಜನರನ್ನು ಎತ್ತಿಕೊಂಡಿತು. ಸುಮಾರು 1500 ಮಂದಿ ತಣ್ಣೀರಿನಲ್ಲಿ ಸತ್ತರು.

ಒಬ್ಬ ಮಲಗಿದ, ಒಬ್ಬ ಇನ್ನೂ ಮಲಗಿರಲಿಲ್ಲ. ಅಷ್ಟು ಜನರ ಸಾವು ಬದುಕು ಈ ಆಕಸ್ಮಿಕದ ಮೇಲೆ ನಿಂತಿತ್ತು. ಮಲಗಿದವನನ್ನು ಬೈಯುವುದಕ್ಕೂ ಆಗದು. ರಾತ್ರಿಯೆಲ್ಲ ಎದ್ದಿರಬೇಕೆಂದು ಅವನಿಗೆ ಯಾವ ಕಾನೂನೂ ಹೇಳಿರಲಿಲ್ಲ. ಆ ಕಾನೂನು ಬಂದದ್ದು ಆಮೇಲೆ. 1914ರ ಜನವರಿಯಲ್ಲಿ ಲಂಡನ್‌ನಲ್ಲಿ ಕಡಲಿನ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಹಡಗುಗಳಲ್ಲಿ ಹಗಲೂ ರಾತ್ರಿ ವೈರ್‌ಲೆಸ್ ಕಾವಲಿರಬೇಕು ಎಂಬುದು ಅದರ ಮುಖ್ಯ ಮಾತುಗಳಲ್ಲಿ ಒಂದು. ಮೊದಲ ಮಹಾಯುದ್ಧ ಅಡ್ಡಬಂದು ಆ ಒಪ್ಪಂದ ಪೂರ್ತಿಯಾಗಿ ಜಾರಿಯಾಗಲಿಲ್ಲ. 1929ರಲ್ಲಿ ಮತ್ತೆ ಒಪ್ಪಂದವಾಯಿತು. ಸೋಲಾಸ್ ಎಂಬ ಹೆಸರಿನಲ್ಲಿ, ಕಾಲಕಾಲಕ್ಕೆ ತಿದ್ದಿಕೊಳ್ಳುತ್ತ, ಇಂದಿಗೂ ಅದೇ ಒಪ್ಪಂದ ಹಡಗುಗಳನ್ನು ಆಳುತ್ತಿದೆ.

ಈ ಕಾನೂನಿನ ಅತ್ಯಂತ ಸುಂದರವಾದ ಭಾಗ ಹಡಗಿನ ವೈರ್‌ಲೆಸ್ ಕೋಣೆಯ ಗೋಡೆಯ ಮೇಲೆ ತೂಗುಹಾಕಿರುತ್ತಿತ್ತು. ಅದೊಂದು ಗಡಿಯಾರ. ಅದರ ಮುಖದ ಮೇಲೆ ಹೋಳಿಗೆಯ ತುಂಡಿನ ಹಾಗೆ ಎರಡು ಕೆಂಪು ಪಟ್ಟಿ, ಎರಡು ಹಸಿರು ಪಟ್ಟಿ. ನಿಮಿಷದ ಮುಳ್ಳು 15ರಿಂದ 18ರವರೆಗೆ ಮತ್ತು 45ರಿಂದ 48ರವರೆಗೆ ಕೆಂಪು ಪಟ್ಟಿಯ ಮೇಲೆ ಹಾಯುವಾಗ 500 ಕಿಲೋಹರ್ಟ್ಸ್‌ನಲ್ಲಿ ಎಲ್ಲರೂ ಬಾಯಿ ಮುಚ್ಚಬೇಕು. ಗಂಟೆ ಆರಂಭವಾದ ಮೊದಲ ಮೂರು ನಿಮಿಷ ಮತ್ತು ಅರ್ಧ ಗಂಟೆಯ ನಂತರದ ಮೂರು ನಿಮಿಷ ಹಸಿರು ಪಟ್ಟಿ. ಆಗ ಮಾತಿನ ಅಪಾಯ ಕರೆಗೆಂದು ಇಟ್ಟಿದ್ದ 2182 ಕಿಲೋಹರ್ಟ್ಸ್‌ನಲ್ಲಿ ಮೌನ. ಎಷ್ಟೇ ತುರ್ತಿನ ವ್ಯಾಪಾರದ ತಂತಿಯಿರಲಿ, ಯಾವ ರಾಜ್ಯದ ಹಡಗೇ ಆಗಿರಲಿ, ಆ ಮೂರು ನಿಮಿಷ ಕೈ ತೆಗೆದು ಕಿವಿಗೊಡಬೇಕು. ಬ್ಯಾಟರಿ ಸೋತ, ದನಿ ಕ್ಷೀಣವಾದ ಯಾವುದೋ ಸಣ್ಣ ಹಡಗು ಕೂಗುತ್ತಿದ್ದರೆ ಉಳಿದವರ ಗದ್ದಲದಲ್ಲಿ ಅದು ಮುಚ್ಚಿಹೋಗಬಾರದು, ಅಷ್ಟೇ.

ಇದಲ್ಲದೆ ಇನ್ನೊಂದು ಉಪಾಯವೂ ಇತ್ತು. ಒಂದೊಂದೂ ನಾಲ್ಕು ಸೆಕೆಂಡಿನ ಹನ್ನೆರಡು ಉದ್ದ ಗೆರೆಗಳನ್ನು, ನಡುವೆ ಒಂದೊಂದು ಸೆಕೆಂಡು ಬಿಟ್ಟು ಕಳಿಸಿದರೆ, ಬೇರೆ ಹಡಗುಗಳಲ್ಲಿ ಆಪರೇಟರ್ ಮಲಗಿದ್ದರೂ ಯಂತ್ರವೇ ಗಂಟೆ ಬಾರಿಸಿ ಅವನನ್ನು ಎಬ್ಬಿಸುತ್ತಿತ್ತು. ಮಾತಿನಲ್ಲಿ ಕರೆಯುವವರಿಗೆ 'ಮೇಡೇ' ಎಂಬ ಶಬ್ದ ಬಂತು. 1923ರಲ್ಲಿ ಲಂಡನ್ನಿನ ಕ್ರಾಯ್ಡನ್ ವಿಮಾನ ನಿಲ್ದಾಣದ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫೋರ್ಡ್ ಹುಡುಕಿಕೊಟ್ಟ ಶಬ್ದ ಅದು. 'ನನಗೆ ನೆರವಾಗಿ' ಎಂಬ ಫ್ರೆಂಚ್ ಮಾತಿನ ಉಚ್ಚಾರಣೆಯಿಂದ ಹುಟ್ಟಿದ್ದು.

ಇದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಈ ಕಾನೂನು ಬೇರೆ ಕಾನೂನುಗಳಂತಲ್ಲ ಎಂಬುದು ಹೊಳೆಯುತ್ತದೆ. ಕಟ್ಟೆ ತುಂಬಿ ನದಿಗೆ ನೀರು ಬಿಡುವಾಗ ಶ್ರೀರಂಗಪಟ್ಟಣದ ತಗ್ಗಿನ ಊರುಗಳಲ್ಲಿ ಎಚ್ಚರಿಕೆ ಸಾರುತ್ತಾರೆ. ಹಿಂದೆ ಅದಕ್ಕೆ ಡಂಗುರವಿತ್ತು, ಆಮೇಲೆ ಮೈಕು ಬಂತು. ಅಲ್ಲಿ ಸರ್ಕಾರ ಹೇಳುತ್ತದೆ, ಜನ ಕೇಳುತ್ತಾರೆ. ಕಡಲಿನ ಅಪಾಯ ಕರೆಯಲ್ಲಿ ಇದು ತಿರುಗುಮುರುಗು. ಅಲ್ಲಿ ಒಬ್ಬ ಮನುಷ್ಯ ಹೇಳುತ್ತಾನೆ, ಸರ್ಕಾರ ಕೇಳಬೇಕು. ಯಾರು ಮಾತಾಡಬಹುದು ಎಂದು ಗೊತ್ತುಮಾಡುವ ಕಾನೂನುಗಳು ಬೇಕಾದಷ್ಟಿವೆ. ಯಾರು ಕೇಳಿಸಿಕೊಳ್ಳಲೇಬೇಕು ಎಂದು ಗೊತ್ತುಮಾಡುವ ಕಾನೂನು ಅಪರೂಪ.

ಹಾಗೆಂದು ಮಾತಾಡುವವನಿಗೆ ಕಟ್ಟಳೆಯಿಲ್ಲವೆಂದಲ್ಲ. ವಿ.ಸಿ. ನಾಲೆಯ ಬಯಲಿನಲ್ಲಿ ಗದ್ದೆ ಮಾಡಿದವರಿಗೆ ನೀರುಗಂಟಿಯ ಕೆಲಸ ಗೊತ್ತು. ತೂಬಿನಿಂದ ಬಂದ ನೀರು ಇವತ್ತು ಯಾರ ಗದ್ದೆಗೆ, ನಾಳೆ ಯಾರ ಗದ್ದೆಗೆ ಎಂದು ಅವನು ತಿರುಗಿಸದಿದ್ದರೆ ಮೇಲಿನ ಗದ್ದೆಯವನೇ ಎಲ್ಲವನ್ನೂ ಕಟ್ಟಿಕೊಳ್ಳುತ್ತಾನೆ, ಕೊನೆಯ ಗದ್ದೆ ಒಣಗುತ್ತದೆ. ರೇಡಿಯೊ ಕಂಪನಾಂಕಗಳೂ ಅಂಥ ನೀರೇ. ಭಾರತದಲ್ಲಿ ಅದರ ನೀರುಗಂಟಿ ಎಂದರೆ ಕೇಂದ್ರದ ದೂರಸಂಪರ್ಕ ಇಲಾಖೆಯಲ್ಲಿರುವ, 1952ರಲ್ಲಿ ಹುಟ್ಟಿದ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗ. ಪೊಲೀಸರಿಗೆ ಯಾವುದು, ವಿಮಾನಕ್ಕೆ ಯಾವುದು, ಹಡಗಿಗೆ ಯಾವುದು ಎಂದು ಹಂಚುವುದು ಅದರ ಕೆಲಸ. ಹಡಗಿನ ವೈರ್‌ಲೆಸ್ಸಿಗೆ ಪರವಾನಗಿ ಬೇಕು, ನಡೆಸುವವನಿಗೆ ಪರೀಕ್ಷೆಯಲ್ಲಿ ಪಾಸಾದ ಸರ್ಟಿಫಿಕೇಟು ಬೇಕು, ಹಡಗಿಗೆ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ ಬೇಕು. ಭಾರತದ ಹಡಗುಗಳ ಸಂಖ್ಯೆ 419 ಎಂದು ಶುರುವಾಗುತ್ತದೆ. ಗುಂಡಿ ಒತ್ತಿದಾಗ ಆ ಸಂಖ್ಯೆಯೂ ಕೂಗಿನ ಜೊತೆಗೇ ಹೋಗುತ್ತದೆ. ಕೂಗಿದವರು ಯಾರು ಎಂದು ಕೇಳಿ ತಿಳಿದುಕೊಳ್ಳುವಷ್ಟು ಹೊತ್ತು ಮುಳುಗುವ ಹಡಗಿನಲ್ಲಿ ಇರುವುದಿಲ್ಲವಲ್ಲ!

1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆ ಸ್ವಾತಂತ್ರ್ಯದ ನಂತರವೂ ದಶಕಗಟ್ಟಲೆ ಹಾಗೆಯೇ ನಡೆದುಬಂದವು. ಅವೆರಡರ ಬದಲಿಗೆ 2023ರಲ್ಲಿ ದೂರಸಂಪರ್ಕ ಕಾಯ್ದೆ ಬಂತು. ಅದರ ಕೆಲವು ಭಾಗಗಳು 2024ರ ಜೂನ್ 26ರಿಂದ ಜಾರಿಯಾದವು. ಹೆಸರು ಬದಲಾದರೂ ಹಳೆಯ ಕಾಯ್ದೆಗಳ ಎರಡು ಮನಸ್ಸು ಉಳಿದೇ ಇದೆ. ಆಕಾಶದಲ್ಲಿ ಯಾರು ಯಾರೊಡನೆ ಮಾತಾಡುತ್ತಿದ್ದಾರೆ ಎಂದು ಸರ್ಕಾರಕ್ಕೆ ಗೊತ್ತಿರಬೇಕು ಎಂಬುದು ಒಂದು ಮನಸ್ಸು. ಆಪತ್ತಿನಲ್ಲಿರುವವನ ಮಾತು ಸರ್ಕಾರಕ್ಕೆ ಕೇಳಿಸಬೇಕು ಎಂಬುದು ಇನ್ನೊಂದು. ಎರಡೂ ಬೇಕಾದವೇ. ಮೊದಲನೆಯದಕ್ಕೆ ಸಿಕ್ಕಷ್ಟು ಕಾಳಜಿ ಎರಡನೆಯದಕ್ಕೆ ಸಿಗಲಿಲ್ಲ ಎನ್ನುವುದು ಕರಾವಳಿಯ ಮೀನುಗಾರರ ಅಳಲು.

ದೊಡ್ಡ ಹಡಗುಗಳ ಮಟ್ಟಿಗೆ ಕಿವಿಯ ಕೆಲಸವನ್ನು ಈಗ ಯಂತ್ರಗಳು ವಹಿಸಿಕೊಂಡಿವೆ. 1992ರಿಂದ ಹಂತಹಂತವಾಗಿ ಬಂದ ಹೊಸ ಜಾಗತಿಕ ವ್ಯವಸ್ಥೆ 1999ರ ಫೆಬ್ರವರಿ 1ರಂದು ಪೂರ್ತಿಯಾಗಿ ಜಾರಿಗೆ ಬಂತು. ಹಡಗುಗಳಲ್ಲಿ ಮೋರ್ಸ್ ಕಾವಲು ಮುಗಿಯಿತು, ಕೆಂಪು ಪಟ್ಟಿಯ ಗಡಿಯಾರ ಹಳೆಯ ಸಾಮಾನಾಯಿತು. ಮಾತಿನ ಕರೆಗೆ ಚಾನೆಲ್ 16, ಅಂದರೆ 156.8 ಮೆಗಾಹರ್ಟ್ಸ್. ಎಫ್.ಎಂ. ರೇಡಿಯೊ ಪಟ್ಟಿ 108ಕ್ಕೆ ಮುಗಿಯುತ್ತದೆ, ಇದು ಅದರಿಂದ ಇನ್ನೂ ಮೇಲೆ. ಗುಂಡಿ ಒತ್ತಿದರೆ ತಾನೇ ಗುರುತು ಹೇಳುವ ಕರೆಗೆ ಚಾನೆಲ್ 70. ಹಡಗು ಮುಳುಗಿದರೆ ತಾನೇ ಬಿಡಿಸಿಕೊಂಡು ತೇಲಿ, 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಕೂಗುವ ಪುಟ್ಟ ಯಂತ್ರವೂ ಇರುತ್ತದೆ. ಭಾರತದ ಪಾಲಿಗೆ ಬರುವ ಈ ಉಪಗ್ರಹದ ಕೂಗು ಬಂದು ತಲುಪುವ ಜಾಗ ಕಡಲ ತೀರದಲ್ಲಿಲ್ಲ. ಅದು ಮಂಡ್ಯದಿಂದ ನೂರು ಕಿಲೋಮೀಟರ್ ಆಸುಪಾಸಿನ ಬೆಂಗಳೂರಿನಲ್ಲಿ, ಇಸ್ರೋದ ಇಸ್ಟ್ರ್ಯಾಕ್ ಸಂಸ್ಥೆಯಲ್ಲಿದೆ. ಅಲ್ಲಿಂದ ಸುದ್ದಿ ಕೋಸ್ಟ್ ಗಾರ್ಡ್‌ನ ರಕ್ಷಣಾ ಸಮನ್ವಯ ಕೇಂದ್ರಗಳಿಗೆ ಹೋಗುತ್ತದೆ. ಪಶ್ಚಿಮ ಕರಾವಳಿಗೆ ಮುಂಬಯಿಯ ಕೇಂದ್ರವೇ ಮುಖ್ಯ.

ಈ ವ್ಯವಸ್ಥೆ ನೆಟ್ಟಗೆ ನಡೆದಾಗ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದ ಕರಾವಳಿಯಲ್ಲೇ ಉದಾಹರಣೆಗಳಿವೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬೀಸಿದಾಗ ಕೋರಮಂಡಲ್ ಸಪೋರ್ಟರ್-9 ಎಂಬ ಟಗ್ ದೋಣಿ ಎಂಜಿನ್ ಕೋಣೆಗೆ ನೀರು ನುಗ್ಗಿ ಮಂಗಳೂರಿನ ವಾಯವ್ಯಕ್ಕೆ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿದ್ದ ಒಂಬತ್ತು ಮಂದಿಯನ್ನೂ ಮೇ 17ರಂದು ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಕಾಪಾಡಿದವು. 2025ರ ಜೂನ್ 9ರಂದು ಕೇರಳದಾಚೆಯ ಕಡಲಿನಲ್ಲಿ ವಾನ್ ಹೈ 503 ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ 22 ಮಂದಿಯಲ್ಲಿ 18 ಮಂದಿಯನ್ನು ಎತ್ತಿಕೊಂಡು ಮಂಗಳೂರಿಗೆ ತಂದರು. ನಾಲ್ವರು ಕಾಣೆಯಾದರು.

ಆದರೆ ಇವೆಲ್ಲ ದೊಡ್ಡವರ ಲೆಕ್ಕ. ಸೋಲಾಸ್ ಒಪ್ಪಂದದ ರೇಡಿಯೊ ನಿಯಮಗಳು ಅನ್ವಯವಾಗುವುದು ಬೇರೆ ಬೇರೆ ದೇಶಗಳ ನಡುವೆ ಓಡಾಡುವ ಪ್ರಯಾಣಿಕ ಹಡಗುಗಳಿಗೆ ಮತ್ತು 300 ಟನ್ನಿಗಿಂತ ದೊಡ್ಡ ಸರಕು ಹಡಗುಗಳಿಗೆ. ಮೀನುಗಾರಿಕೆಯ ದೋಣಿಗಳನ್ನು ಅದು ಹೊರಗಿಟ್ಟಿದೆ. ಮಲ್ಪೆ, ಮಂಗಳೂರು, ಹೊನ್ನಾವರ, ಕಾರವಾರಗಳಿಂದ ಹೊರಡುವ ಬೋಟುಗಳಿಗೆ ಬಂದದ್ದು ಆಯಾ ಕಾಲದಲ್ಲಿ ಆಯಾ ಸರ್ಕಾರಗಳು ಮಾಡಿದ ಬಿಡಿಬಿಡಿ ನಿಯಮಗಳು. ಆಳಸಮುದ್ರಕ್ಕೆ ಹೋದ ಬೋಟು ಹತ್ತು ದಿನ ದಡ ಕಾಣದೆ ಇರಬಹುದು. ದಡ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಮೊಬೈಲ್ ಸತ್ತುಹೋಗುತ್ತದೆ. ವಿ.ಎಚ್.ಎಫ್. ವೈರ್‌ಲೆಸ್ ಇದ್ದರೂ ಅದರ ಓಟ ಕಣ್ಣಿನ ಓಟದಷ್ಟೇ. ದೂರದರ್ಶನ ಬಂದ ಹೊಸದರಲ್ಲಿ ಹಳ್ಳಿಗಳಲ್ಲಿ ಆಂಟೆನಾವನ್ನು ಉದ್ದನೆಯ ಬಿದಿರಿಗೆ ಕಟ್ಟಿ ಎತ್ತಿದ್ದನ್ನು ನೋಡಿದವರಿಗೆ ಇದರ ಕಾರಣ ಹೇಳಬೇಕಿಲ್ಲ. ಬೋಟಿನ ಆಂಟೆನಾ ನೀರಿಗೆ ಹತ್ತಿರ, ಭೂಮಿ ಗುಂಡು. ಕೆಲವು ಹತ್ತು ಕಿಲೋಮೀಟರಿನಾಚೆಗೆ ಆ ದನಿ ಮುಟ್ಟುವುದಿಲ್ಲ. ಪಕ್ಕದಲ್ಲಿ ಇನ್ನೊಂದು ಬೋಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

2018ರ ಚಳಿಗಾಲ ಮಂಡ್ಯದವರಿಗೆ ಮರೆಯುವಂಥದ್ದಲ್ಲ. ನವೆಂಬರ್ 24ರ ಶನಿವಾರ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಖಾಸಗಿ ಬಸ್ಸೊಂದು ವಿ.ಸಿ. ನಾಲೆಗೆ ಉರುಳಿತು. 30 ಮಂದಿ ಸತ್ತರು. ಅವರಲ್ಲಿ ಶಾಲೆ ಬಿಟ್ಟು ಮನೆಗೆ ಹೊರಟಿದ್ದ ಮಕ್ಕಳಿದ್ದರು. ಹಾಡಹಗಲು, ನಾಲೆಯ ಏರಿಯ ಪಕ್ಕದಲ್ಲೇ ಗದ್ದೆ, ಗದ್ದೆಯಲ್ಲಿ ಜನ. ಕಂಡವರು ಓಡಿ ಬಂದರು, ನೀರಿಗಿಳಿದರು. ಕೂಗಿನಳತೆಯಲ್ಲಿ ಜನವಿದ್ದೂ ಅಷ್ಟು ಜೀವ ಹೋಯಿತು.

ಅದಾಗಿ ಮೂರು ವಾರ ಕಳೆದಿರಲಿಲ್ಲ. ಡಿಸೆಂಬರ್ 13ರಂದು ಮಲ್ಪೆ ಬಂದರಿನಿಂದ 'ಸುವರ್ಣ ತ್ರಿಭುಜ' ಎಂಬ ಬೋಟು ಏಳು ಮಂದಿ ಮೀನುಗಾರರೊಡನೆ ಕಡಲಿಗಿಳಿಯಿತು. ಏಳು ಮಂದಿಯೂ ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳವರು. ಎರಡು ಮೂರು ದಿನ ಕಳೆಯುವುದರೊಳಗೆ ಮಹಾರಾಷ್ಟ್ರದ ಕರಾವಳಿಯ ಕಡೆ ಅದರ ಸಂಪರ್ಕ ಕಡಿದುಹೋಯಿತು. ಅಲ್ಲಿ ಏರಿಯೂ ಇಲ್ಲ, ಗದ್ದೆಯೂ ಇಲ್ಲ, ಓಡಿ ಬರಲು ಜನವೂ ಇಲ್ಲ. ಕೋಸ್ಟ್ ಗಾರ್ಡ್ ಮತ್ತು ನೌಕಾಪಡೆ ಹುಡುಕಿದವು. ಕ್ರಿಸ್‌ಮಸ್ ಹೋಗಿ ಹೊಸ ವರ್ಷ ಬಂತು. ಜನವರಿಯ ಮೊದಲ ವಾರ ಸಾವಿರಾರು ಮೀನುಗಾರರು ಉಡುಪಿಯಲ್ಲಿ ಹೆದ್ದಾರಿಗೆ ಬಂದು ಕುಳಿತರು. ಎಲ್ಲಿದ್ದಾರೆ ಹೇಳಿ ಎಂಬುದೊಂದೇ ಅವರ ಕೇಳಿಕೆ. ಕೊನೆಗೆ 2019ರ ಮೇ ತಿಂಗಳ ಆರಂಭದಲ್ಲಿ ನೌಕಾಪಡೆಯ ಐ.ಎನ್.ಎಸ್. ನಿರೀಕ್ಷಕ್ ಹಡಗು ಮಾಲ್ವಣದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, ಕಡಲ ತಳದಲ್ಲಿ, ಬೋಟಿನ ಅವಶೇಷ ಕಂಡಿತು. ಏಳು ಮಂದಿ ಮರಳಲಿಲ್ಲ.

33 ಕಿಲೋಮೀಟರ್ ಎಂದರೆ ಮಂಡ್ಯದಿಂದ ಮಳವಳ್ಳಿಗೆ ಹೋಗುವಷ್ಟು ದೂರ. ಅಷ್ಟು ದೂರದಲ್ಲಿದ್ದ ಬೋಟು ಎಲ್ಲಿದೆ ಎಂದು ತಿಳಿಯಲು ನಾಲ್ಕೂವರೆ ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಕಡಲಿನ ಮೌನ ಎಂಥದೆಂದು ದಡದ ಮೇಲಿನ ಹೆಂಗಸರು ಆ ತಿಂಗಳುಗಳಲ್ಲಿ ಅರಿತರು. ಸತ್ತರೆಂದು ಅಳುವಂತಿಲ್ಲ, ಬದುಕಿದ್ದಾರೆಂದು ಉಣ್ಣುವಂತಿಲ್ಲ.

ಸರ್ಕಾರಗಳಿಗೆ ಸಣ್ಣ ದೋಣಿಗಳ ನೆನಪಾದದ್ದು ಹೆಚ್ಚಾಗಿ ಇಂಥ ಆಘಾತಗಳ ನಂತರವೇ. 2008ರ ನವೆಂಬರ್ 26ರಂದು ಮುಂಬಯಿಯ ಮೇಲೆ ದಾಳಿ ಮಾಡಿದವರು ಕುಬೇರ್ ಎಂಬ ಮೀನುಗಾರಿಕೆ ದೋಣಿಯನ್ನು ವಶಪಡಿಸಿಕೊಂಡು ಬಂದಿದ್ದರು. ಆಮೇಲೆ ದೋಣಿಗಳಿಗೆ ಕಡ್ಡಾಯ ನೋಂದಣಿ, ಮೀನುಗಾರರಿಗೆ ಗುರುತಿನ ಚೀಟಿ, ಕಾವಲು ಪೊಲೀಸರು ಎಲ್ಲವೂ ಬಂದವು. ಪರವಾನಗಿಯಿಲ್ಲದ ಉಪಗ್ರಹ ಫೋನಿನ ಮೇಲೆ ಬಿಗಿ ನಿರ್ಬಂಧ ಬಂತು. ಇದು ಮೊದಲನೆಯ ಮನಸ್ಸು, ಯಾರು ಮಾತಾಡುತ್ತಿದ್ದಾರೆ ಎಂದು ತಿಳಿಯಬೇಕೆನ್ನುವ ಮನಸ್ಸು. ಅದಕ್ಕೆ ಕಾರಣವೂ ಇತ್ತು. ಒಂಬತ್ತು ವರ್ಷದ ಮೇಲೆ, 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ ಮತ್ತು ತಮಿಳುನಾಡಿನ ಮೀನುಗಾರರು ಆಗಲೇ ನೂರಾರು ಕಿಲೋಮೀಟರ್ ಒಳಗೆ ಹೋಗಿದ್ದರು. ಅವರಿಗೆ ಗಾಳಿಯ ಸುದ್ದಿ ಮುಟ್ಟಿಸುವ ದಾರಿಯಿರಲಿಲ್ಲ, ಅವರ ಕೂಗು ದಡಕ್ಕೆ ಬರುವ ದಾರಿಯೂ ಇರಲಿಲ್ಲ. ಎರಡನೆಯ ಮನಸ್ಸು ಎಷ್ಟು ಹಿಂದೆ ಬಿದ್ದಿತ್ತು ಎಂಬುದು ಆಗ ಎಲ್ಲರಿಗೂ ಕಂಡಿತು.

ಇಸ್ರೋ ಮೀನುಗಾರರಿಗೆಂದೇ ಮಾಡಿದ ಅಪಾಯ ಸೂಚಕ ಯಂತ್ರ 2010ರಿಂದಲೇ ಬಳಕೆಯಲ್ಲಿತ್ತು. 'ಡ್ಯಾಟ್' ಎಂದು ಅದರ ಹೆಸರು. ಗುಂಡಿ ಒತ್ತಿದರೆ ಬೋಟಿನ ಗುರುತು ಮತ್ತು ಇರುವ ಜಾಗ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ದೇಶದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಇಂಥ ಯಂತ್ರಗಳು ಬಳಕೆಗೆ ಬಂದವು. ಆದರೆ ಅದರಲ್ಲಿ ಒಂದು ಕೊರತೆಯಿತ್ತು. ಗುಂಡಿ ಒತ್ತಿದವನಿಗೆ ತನ್ನ ಕೂಗು ಯಾರಿಗಾದರೂ ಕೇಳಿಸಿತೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಾವಿಗೆ ಕಲ್ಲು ಹಾಕಿ, ಸದ್ದು ಬರದೆ ಕಾದ ಹಾಗೆ. ತುಂಬಿದ ಕಡಲು, ಕತ್ತಲು, ಹಲಗೆ ಬಿರಿಯುತ್ತಿರುವ ಬೋಟು, ಕೈಯಲ್ಲಿ ಮಾತಾಡದ ಒಂದು ಪೆಟ್ಟಿಗೆ. ನಿಂತು ಕಾಯಬೇಕೋ, ನೀರಿಗೆ ಹಾರಬೇಕೋ? ತಾಂಡೇಲ ಏನೆಂದು ತೀರ್ಮಾನಿಸಬೇಕು?

2024ರಲ್ಲಿ ಇಸ್ರೋ ಜಾರಿಗೆ ತಂದ ಎರಡನೆಯ ಪೀಳಿಗೆಯ ಯಂತ್ರ ಈ ಕೊರತೆಯನ್ನು ತುಂಬಿದೆ. ಕೂಗು ಮುಟ್ಟಿತು ಎಂಬ ಮರುಸುದ್ದಿ ಬೋಟಿಗೆ ವಾಪಸು ಬರುತ್ತದೆ. ಅದನ್ನು ಮೊಬೈಲ್‌ಗೆ ಜೋಡಿಸಿ ತನ್ನ ಭಾಷೆಯಲ್ಲೇ ಓದಿಕೊಳ್ಳಬಹುದು. ಗಾಳಿ ಎದ್ದರೆ ದಡದಿಂದ ಎಚ್ಚರಿಕೆ ಬರುತ್ತದೆ, ಮೀನಿರುವ ಜಾಗದ ಸುದ್ದಿಯೂ ಬರುತ್ತದೆ. ಅದೇ ವರ್ಷ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಚಾಲನೆ ಕೊಟ್ಟ ಯೋಜನೆಯ ಪ್ರಕಾರ ಕರಾವಳಿಯ ರಾಜ್ಯಗಳ ಮತ್ತು ಕೇಂದ್ರಾಡಳಿತ ಪ್ರದೇಶಗಳ ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಇಂಥ ಸಂಪರ್ಕ ಯಂತ್ರ ಹಾಕಬೇಕು. ವೆಚ್ಚ ಸುಮಾರು 360 ಕೋಟಿ ರೂಪಾಯಿ. ಟೈಟಾನಿಕ್ ಮುಳುಗಿ 112 ವರ್ಷದ ಮೇಲೆ, ದೊಡ್ಡ ಹಡಗಿಗಿದ್ದ ಭಾಗ್ಯ ಸಣ್ಣ ದೋಣಿಯ ಕಡೆಗೆ ಹೊರಟಿದೆ ಎನ್ನಬಹುದು.

ಯಂತ್ರ ಕೊಟ್ಟ ಮೇಲೆ ಕಾನೂನಿನ ಕೆಲಸ ಮುಗಿಯಿತೆಂದು ತಿಳಿದರೆ ಅದು 1912ಕ್ಕೆ ವಾಪಸು ಹೋದಂತೆ. ಟೈಟಾನಿಕ್ ಹಡಗಿನಲ್ಲಿ ಆ ಕಾಲದ ಅತ್ಯುತ್ತಮ ವೈರ್‌ಲೆಸ್ ಯಂತ್ರವೇ ಇತ್ತಲ್ಲ! ಪೆಟ್ಟಿಗೆಯ ಬ್ಯಾಟರಿಯನ್ನು ಯಾರು ನೋಡಬೇಕು, ಬೋಟು ಮಾರಾಟವಾದರೆ ಹೊಸ ಯಜಮಾನನ ಹೆಸರು ಮತ್ತು ಫೋನ್ ನಂಬರನ್ನು ಯಾರು ತಿದ್ದಬೇಕು, ಕೈತಪ್ಪಿ ಗುಂಡಿ ಒತ್ತಿದವನು ಹೆದರದೆ ಯಾರಿಗೆ ತಿಳಿಸಬೇಕು ಎಂಬ ಸಣ್ಣ ಸಂಗತಿಗಳೇ ಇಲ್ಲಿ ದೊಡ್ಡವು. ಸುಳ್ಳು ಕರೆ ಎಲ್ಲ ದೇಶಗಳ ರಕ್ಷಣಾ ಪಡೆಗಳಿಗೂ ತಲೆನೋವು. ತೋಳ ಬಂತು ತೋಳ ಎಂದು ಕೂಗಿದ ಹುಡುಗನ ಕಥೆ ಕಡಲಿಗೂ ಹೊಂದುತ್ತದೆ. ಸುಳ್ಳು ಕೂಗಿದವನ ಕಡೆಗೆ ಹೆಲಿಕಾಪ್ಟರ್ ಹೊರಟ ಹೊತ್ತಿನಲ್ಲಿ ನಿಜವಾಗಿ ಕೂಗಿದವನಿಗೆ ಅದು ಇಲ್ಲವಾಗುತ್ತದೆ. ಚಾನೆಲ್ 16ರಲ್ಲಿ ಮೀನಿನ ದರ, ಬಲೆಯ ಜಗಳ, ಹಾಡು ಹರಟೆ ನಡೆಸಿದರೂ ಅಷ್ಟೇ. ಅದು ಅಪರಾಧವೆಂದು ನಿಯಮ ಹೇಳುತ್ತದೆ. ಆದರೆ ನಡುಗಡಲಿನಲ್ಲಿ ನಿಯಮವನ್ನು ಕಾಯುವವರು ಮೀನುಗಾರರೇ. ಆ ಜಾಗವನ್ನು ಖಾಲಿ ಬಿಡುವುದು ಒಬ್ಬರಿಗೊಬ್ಬರು ಮಾಡಿಕೊಳ್ಳುವ ಉಪಕಾರ. ಹಳೆಯ ಗಡಿಯಾರದ ಕೆಂಪು ಪಟ್ಟಿ ಹೋದರೂ ಅದು ಕಲಿಸಿದ ಮೂರು ನಿಮಿಷದ ಪಾಠ ಹೋಗಬಾರದು.

ಇತ್ತ ದಡದಲ್ಲಿರುವವರಿಗೂ ಒಂದು ಪಾಲಿದೆ. ಕಡಲಿನ ಆಪತ್ತಿಗೆ ಕೋಸ್ಟ್ ಗಾರ್ಡ್‌ನ ಉಚಿತ ದೂರವಾಣಿ 1554. ಮನೆಯವರು ಹೇಳಿದ ದಿನಕ್ಕೆ ಬೋಟು ಬರದಿದ್ದರೆ ಈ ನಂಬರಿಗೆ ಮೊದಲು ಕರೆ ಮಾಡಬೇಕಾದವರು ದಡದ ಮೇಲಿರುವವರೇ. ರಜೆಗೆಂದು ಮಲ್ಪೆಗೋ ಗೋಕರ್ಣಕ್ಕೋ ಹೋಗುವ ಮಂಡ್ಯದ ಸಂಸಾರಗಳು ನೆನಪಿಟ್ಟುಕೊಂಡರೂ ನಷ್ಟವಿಲ್ಲ. ದಡದಲ್ಲಿ ನಿಂತವನ ಕಣ್ಣಿಗೂ ಒಮ್ಮೊಮ್ಮೆ ಮಗುಚಿದ ದೋಣಿ ಕಾಣುತ್ತದೆ.

ಜೂನ್ ಮತ್ತು ಜುಲೈ ತಿಂಗಳ ಮಳೆಗಾಲದ ನಿಷೇಧ ಮುಗಿದು ಆಗಸ್ಟ್ ಬಂತೆಂದರೆ ಮಲ್ಪೆಯ ಬೋಟುಗಳು ಮತ್ತೆ ಕಡಲಿಗಿಳಿಯುತ್ತವೆ. ಮಂಜುಗಡ್ಡೆಯಲ್ಲಿ ಹೂತ ಬಂಗುಡೆ, ಭೂತಾಯಿ ಘಟ್ಟ ಹತ್ತಿ ಬಯಲುಸೀಮೆಯ ಮಾರುಕಟ್ಟೆಗಳಿಗೂ ಬರುತ್ತವೆ. ಆ ಹೊತ್ತಿಗೆ ಸಾಮಾನ್ಯವಾಗಿ ಕೊಡಗಿನ ಮಳೆಗೆ ಕನ್ನಂಬಾಡಿ ಕಟ್ಟೆಯೂ ತುಂಬುತ್ತಿರುತ್ತದೆ. ಕಟ್ಟೆಯ ಬಾಗಿಲುಗಳ ಬಳಿ ರಾತ್ರಿಯಿಡೀ ಯಾರೋ ಒಬ್ಬರು ಎಚ್ಚರವಾಗಿದ್ದು ನೀರಿನ ಮಟ್ಟ ನೋಡುತ್ತಿರುತ್ತಾರೆ ಎಂಬ ನಂಬಿಕೆಯಿಂದಲೇ ಶ್ರೀರಂಗಪಟ್ಟಣದ ಹೊಳೆದಂಡೆಯವರು ಹೊದ್ದು ಮಲಗುತ್ತಾರೆ. ಆ ಎಚ್ಚರವಿರುವವರ ಹೆಸರು ಅವರಿಗೆ ಗೊತ್ತಿರುವುದಿಲ್ಲ. ಅತ್ತ, ಘಟ್ಟದ ಕೆಳಗೆ, ಕತ್ತಲಲ್ಲಿ ಬಲೆ ಬಿಟ್ಟು ಬೋಟಿನ ಹಲಗೆಯ ಮೇಲೆ ಒರಗುವವರು ಸರ್ಕಾರದಿಂದ ಬಯಸುವುದೂ ಅದಕ್ಕಿಂತ ಹೆಚ್ಚಿನದನ್ನಲ್ಲ.